ಬಾಕ್ಸರ್ ನಾಯಿ: ರೂಪ, ಗುಣ, ಆರೋಗ್ಯ

‘ನನ್ನ ಮೆಚ್ಚಿನ ಪ್ರಾಣಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರೆಯುವುದು ನಾಯಿಯ ಬಗ್ಗೆಯೇ. ನಾಯಿಗೆ ನಾಲ್ಕು ಕಾಲುಗಳಿವೆ, ಒಂದು ಬಾಲವಿದೆ, ಅದು ಸ್ವಾಮಿನಿಷ್ಠ ಪ್ರಾಣಿ ಎಂದು ಬರೆದು ಮುಗಿಸುತ್ತಾರೆ. ಆದರೆ ಯಾವ ನಾಯಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಒಂದೊಂದು ತಳಿಗೂ ಒಂದೊಂದು ಇತಿಹಾಸ, ಒಂದೊಂದು ಸ್ವಭಾವ, ಒಂದೊಂದು ಬಗೆಯ ಕಾಯಿಲೆಗಳೂ ಇವೆ. ಈ ಲೇಖನದಲ್ಲಿ ಬಾಕ್ಸರ್ ಎಂಬ ಒಂದೇ ತಳಿಯನ್ನು ಹತ್ತಿರದಿಂದ ನೋಡೋಣ. ಈ ತಳಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಮಕ್ಕಳು ನಾಯಿಮರಿಗಾಗಿ ಹಟ ಹಿಡಿದಾಗ ಅವರಿಗೆ ಥಟ್ಟನೆ ಇಷ್ಟವಾಗುವ ಮುಖಗಳಲ್ಲಿ ಬಾಕ್ಸರ್‌ನದೂ ಒಂದು. ನಾವಿರುವ ಈ ಕೊಲ್ಲಿ ನಾಡಿನ ಬೇಸಿಗೆಗೂ ಆ ಮುಖಕ್ಕೂ ಹೊಂದಿಕೆಯಾಗುವುದು ಕಷ್ಟ. ಇದನ್ನು ಮರಿ ಮನೆಗೆ ಬರುವ ಮೊದಲೇ ತಿಳಿದಿರುವುದು ಒಳ್ಳೆಯದು.

ಬಾಕ್ಸರ್ ಮಧ್ಯಮ ಗಾತ್ರದ, ಬಿಗಿಯಾದ ಮೈಕಟ್ಟಿನ ನಾಯಿ. ಗಂಡಿನ ಎತ್ತರ ಭುಜದ ಬಳಿ 57ರಿಂದ 63 ಸೆಂ.ಮೀ., ಹೆಣ್ಣಿನದು 53ರಿಂದ 59 ಸೆಂ.ಮೀ. ಚೆನ್ನಾಗಿ ಬೆಳೆದ ಗಂಡು 30 ಕಿಲೋಗಿಂತ ಹೆಚ್ಚು ತೂಗುತ್ತದೆ, ಹೆಣ್ಣು ಸುಮಾರು 25 ಕಿಲೋ. ಕೂದಲು ಗಿಡ್ಡ, ನುಣುಪು. ಒಳಗಿನ ಸ್ನಾಯುಗಳು ಹೊರಗೆ ಎದ್ದು ಕಾಣುತ್ತವೆ. ಬಣ್ಣದಲ್ಲಿ ಎರಡು ಬಗೆ. ಒಂದು ಜಿಂಕೆಯ ಮೈಬಣ್ಣ, ಅಂದರೆ ತಿಳಿ ಹಳದಿಯಿಂದ ಕಡು ಕೆಂಗಂದಿನವರೆಗೆ. ಇನ್ನೊಂದು ಅದೇ ಬಣ್ಣದ ಮೇಲೆ ಹುಲಿಯಂತೆ ಕಪ್ಪು ಪಟ್ಟೆಗಳಿರುವುದು. ಎರಡರಲ್ಲೂ ಮೂತಿಗೆ ಮುಖವಾಡ ಹಾಕಿದಂತೆ ಕಪ್ಪು. ಎದೆ, ಪಾದ, ಹಣೆಯಲ್ಲಿ ಬಿಳಿ ಇರಬಹುದು, ಆದರೆ ಮೈಯ ಮೂರನೇ ಒಂದು ಭಾಗವನ್ನು ಅದು ಮೀರಬಾರದು ಎಂಬುದು ತಳಿಯ ನಿಯಮ.

ಬಾಕ್ಸರ್‌ನ ಗುರುತು ಅದರ ತಲೆಯಲ್ಲಿದೆ. ಮೂತಿಯ ಉದ್ದ ತಲೆಬುರುಡೆಯ ಉದ್ದದ ಅರ್ಧ ಮಾತ್ರ ಇರಬೇಕು. ಕೆಳದವಡೆ ಮೇಲಿನದಕ್ಕಿಂತ ಮುಂದೆ ಚಾಚಿ ತುಸು ಮೇಲಕ್ಕೆ ಬಾಗಿರುತ್ತದೆ. ಮೂಗಿನ ತುದಿ ಅದರ ಬುಡಕ್ಕಿಂತ ಸ್ವಲ್ಪ ಎತ್ತರದಲ್ಲಿರುತ್ತದೆ. ಮೇಲ್ದುಟಿ ದಪ್ಪವಾಗಿ ಇಳಿಬಿದ್ದಿರುತ್ತದೆ. ಕಿವಿ ನಿಮಿರಿದಾಗ ಹಣೆಯಲ್ಲಿ ಸುಕ್ಕು ಮೂಡುತ್ತದೆ. ಇದರಿಂದಾಗಿ ಬಾಕ್ಸರ್ ಯಾವಾಗಲೂ ಏನೋ ಗಾಢವಾಗಿ ಯೋಚಿಸುತ್ತಿರುವಂತೆ ಕಾಣುತ್ತದೆ. ಯೋಚನೆ ಬಹುಮಟ್ಟಿಗೆ ಚೆಂಡಿನ ಬಗ್ಗೆ ಎಂಬುದು ಸಾಕಿದವರಿಗೆ ಗೊತ್ತು. ನಮ್ಮ ಬಾಗಲಕೋಟೆಯ ಕಡೆಯ ಮುಧೋಳ ನಾಯಿಯನ್ನು ನೋಡಿದವರು ಅದರ ಉದ್ದನೆಯ, ಚೂಪಾದ ಮೂತಿಯನ್ನು ನೆನೆಸಿಕೊಳ್ಳಿ. ಬಾಕ್ಸರ್‌ನ ಮುಖ ಅದಕ್ಕೆ ಪೂರಾ ವಿರುದ್ಧ. ಒಂದೇ ಪ್ರಾಣಿಯ ಜಾತಿಯಲ್ಲಿ ಇಷ್ಟು ಅಂತರವನ್ನು ತಂದದ್ದು ಮನುಷ್ಯನ ಆಯ್ಕೆ.

ಬಾಕ್ಸರ್ ಹುಟ್ಟಿದ್ದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಅದರ ಪೂರ್ವಜ ಬುಲೆನ್‌ಬೈಸರ್ ಎಂಬ ಬೇಟೆನಾಯಿ. ಈ ಜರ್ಮನ್ ಹೆಸರನ್ನು ಕನ್ನಡಕ್ಕೆ ತಂದರೆ ‘ಗೂಳಿ ಕಚ್ಚುವುದು’ ಎಂದಾಗುತ್ತದೆ. ಕಾಡುಹಂದಿ, ಕರಡಿಗಳನ್ನು ಅಟ್ಟಿಸಿಕೊಂಡು ಹೋಗಿ, ಬೇಟೆಗಾರ ಬರುವವರೆಗೆ ಕಚ್ಚಿ ಹಿಡಿದು ನಿಲ್ಲಿಸುವುದು ಅದರ ಕೆಲಸವಾಗಿತ್ತು. ರಾಜರ ಬೇಟೆಯ ಕಾಲ ಮುಗಿದ ಮೇಲೆ ಅದು ಕಸಾಯಿಗಳ ಮತ್ತು ದನದ ವ್ಯಾಪಾರಿಗಳ ನಾಯಿಯಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನ ಕೆಲವರು ಇದನ್ನು ಇಂಗ್ಲಿಷ್ ಬುಲ್‌ಡಾಗ್‌ನೊಂದಿಗೆ ಕೂಡಿಸಿದರು. ಟಾಮ್ ಎಂಬ ಬುಲ್‌ಡಾಗ್‌ಗೆ ಹುಟ್ಟಿದ ಫ್ಲೋಕಿ ಎಂಬ ಗಂಡುನಾಯಿ ತಳಿ ದಾಖಲೆಯ ಪುಸ್ತಕದಲ್ಲಿ ಮೊದಲನೆಯ ಬಾಕ್ಸರ್. 1895ರಲ್ಲಿ ಮ್ಯೂನಿಕ್‌ನಲ್ಲಿ ಬಾಕ್ಸರ್ ಸಂಘ ಸ್ಥಾಪನೆಯಾಯಿತು. 1904ರಲ್ಲಿ ಅಮೆರಿಕದ ಕೆನಲ್ ಕ್ಲಬ್‌ನಲ್ಲಿ ಮೊದಲ ಬಾಕ್ಸರ್ ನೋಂದಣಿಯಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಈ ನಾಯಿಗಳನ್ನು ಸುದ್ದಿ ಒಯ್ಯಲು, ಕಾವಲಿಗೆ ಬಳಸಿತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಾಕ್ಸರ್ ಮನೆಮಾತಾಯಿತು. 1951ರಲ್ಲಿ ಬ್ಯಾಂಗ್ ಅವೇ ಎಂಬ ಬಾಕ್ಸರ್ ನ್ಯೂಯಾರ್ಕಿನ ಪ್ರಸಿದ್ಧ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದಲ್ಲಿ ಅತ್ಯುತ್ತಮ ನಾಯಿ ಎನಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇಡೀ ತಳಿ ಬೆಳೆದದ್ದು ಬೆರಳೆಣಿಕೆಯ ನಾಯಿಗಳಿಂದ. ಮೇಟಾ ಎಂಬ ಒಂದು ಹೆಣ್ಣುನಾಯಿಯನ್ನು ಬಾಕ್ಸರ್ ತಳಿಯ ತಾಯಿ ಎಂದೇ ಕರೆಯುತ್ತಾರೆ. ಮುಂದೆ ಜರ್ಮನಿಯ ಸ್ಟಾಕ್‌ಮನ್ ದಂಪತಿಗಳು ಸಾಕಿದ ಸಿಗುರ್ಡ್ ಎಂಬ ನಾಯಿಯೂ ಅದರ ಸಂತತಿಯ ಕೆಲವು ಗಂಡುನಾಯಿಗಳೂ 1930ರ ದಶಕದಲ್ಲಿ ಅಮೆರಿಕಕ್ಕೆ ಹೋದವು. ಅಲ್ಲಿನ ಬಾಕ್ಸರ್‌ಗಳ ವಂಶವೃಕ್ಷವನ್ನು ಹಿಂದಕ್ಕೆ ಹಿಡಿದು ಹೋದರೆ ಮತ್ತೆ ಮತ್ತೆ ಇವೇ ಹೆಸರುಗಳು ಎದುರಾಗುತ್ತವೆ. ಅಂದರೆ ಬಾಕ್ಸರ್‌ಗಳೆಲ್ಲ ಒಂದು ರೀತಿಯಲ್ಲಿ ದಾಯಾದಿಗಳು.

ಈ ದಾಯಾದಿತನ ವಿಜ್ಞಾನಕ್ಕೆ ಅನುಕೂಲವಾಯಿತು. 2005ರ ಡಿಸೆಂಬರ್‌ನಲ್ಲಿ ನಾಯಿಯ ಜೀನೋಮ್, ಅಂದರೆ ಅದರ ದೇಹವನ್ನು ಕಟ್ಟುವ ಸೂಚನೆಗಳ ಇಡೀ ಪುಸ್ತಕ, ಉತ್ತಮ ಗುಣಮಟ್ಟದಲ್ಲಿ ಮೊದಲ ಬಾರಿಗೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಟಾಷಾ ಎಂಬ ಹೆಣ್ಣು ಬಾಕ್ಸರ್‌ನದು. (2003ರಲ್ಲಿ ಒಂದು ಪೂಡಲ್ ನಾಯಿಯದು ಕರಡು ರೂಪದಲ್ಲಿ ಬಂದಿತ್ತು.) 39 ಜೊತೆ ವರ್ಣತಂತುಗಳು, ಸುಮಾರು 240 ಕೋಟಿ ಅಕ್ಷರಗಳು. ನೂರಾರು ತಳಿಗಳಿರುವಾಗ ಬಾಕ್ಸರ್ ಅನ್ನೇ ಏಕೆ ಆರಿಸಿದರು? ಮಕ್ಕಳೇ, ಹೀಗೆ ಯೋಚಿಸಿ. ಪ್ರತಿ ಜೀವಿಯಲ್ಲೂ ಈ ಪುಸ್ತಕದ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಎರಡು ಪ್ರತಿಗಳನ್ನೂ ಹರಿದು ಚೂರು ಮಾಡಿ ಬೆರೆಸಿ, ಮತ್ತೆ ಜೋಡಿಸಿ ಓದಬೇಕು. ಎರಡರಲ್ಲೂ ವಾಕ್ಯಗಳು ಒಂದೇ ಆಗಿದ್ದರೆ ಕೆಲಸ ಸುಲಭ. ಪುಟಪುಟಕ್ಕೂ ವ್ಯತ್ಯಾಸವಿದ್ದರೆ ಗೊಂದಲ. ಟಾಷಾಳ ಎರಡು ಪ್ರತಿಗಳಲ್ಲಿ ವ್ಯತ್ಯಾಸ ಕಡಿಮೆಯಿತ್ತು. ಹಾಗಾಗಿ ಅವಳೇ ಆಯ್ಕೆಯಾದಳು.

ಆದರೆ ನಾಯಿಗೆ ಅದೇ ಅನನುಕೂಲ. ಒಂದು ಪ್ರತಿಯಲ್ಲಿ ಅಚ್ಚಿನ ತಪ್ಪಿದ್ದರೆ ಇನ್ನೊಂದು ಪ್ರತಿಯನ್ನು ನೋಡಿ ಕೆಲಸ ನಡೆಸಬಹುದು. ಎರಡರಲ್ಲೂ ಅದೇ ತಪ್ಪಿದ್ದರೆ? ಬಾಕ್ಸರ್‌ನಲ್ಲಿ ಕೆಲವು ಕಾಯಿಲೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳಲು ಇದು ದೊಡ್ಡ ಕಾರಣ. ಅವುಗಳಿಗೆ ಬರುವ ಮುನ್ನ ಗುಣದ ಮಾತು ಆಡೋಣ, ಏಕೆಂದರೆ ಜನ ಈ ನಾಯಿಯನ್ನು ಮನೆಗೆ ತರುವುದು ಅದರ ಗುಣಕ್ಕಾಗಿಯೇ.

ಬಾಕ್ಸರ್ ಬಹಳ ಕಾಲ ಮರಿಯಾಗಿಯೇ ಉಳಿಯುತ್ತದೆ. ದೇಹ ಒಂದೂವರೆ ವರ್ಷದಲ್ಲಿ ಬೆಳೆದರೂ ಬುದ್ಧಿ ನೆಲೆಗೊಳ್ಳಲು ಮೂರು ವರ್ಷವಾದರೂ ಬೇಕು. ಆಡುವಾಗ ಹಿಂಗಾಲಿನ ಮೇಲೆ ಎದ್ದು ಮುಂಗಾಲುಗಳನ್ನು ಮುಷ್ಟಿಯುದ್ಧ ಮಾಡುವವರಂತೆ ಬೀಸುತ್ತದೆ. ಹೆಸರು ಬಂದದ್ದು ಇದರಿಂದಲೇ ಎಂದು ಹೇಳುವವರಿದ್ದಾರೆ. ಮನೆಯವರು ಹೊರಗಿನಿಂದ ಬಂದರೆ ಬರೀ ಬಾಲವನ್ನಲ್ಲ, ಸೊಂಟದಿಂದ ಹಿಂದಿನ ಇಡೀ ಮೈಯನ್ನೇ ಆಡಿಸುತ್ತದೆ. ಸಂತೋಷ ಹೆಚ್ಚಾದರೆ ಗೋಡಂಬಿಯ ಹಾಗೆ ಬಾಗಿ, ಮೂತಿ ಬಾಲಕ್ಕೆ ತಾಗುವಂತೆ ಸುತ್ತು ಹೊಡೆಯುತ್ತದೆ. ಮಕ್ಕಳೊಂದಿಗೆ ಸಾಮಾನ್ಯವಾಗಿ ತಾಳ್ಮೆಯಿಂದಿರುತ್ತದೆ. ಆದರೆ ಪೋಷಕರು ಒಂದನ್ನು ನೆನಪಿಡಬೇಕು: ಪ್ರೀತಿಯಿಂದ ಹಾರಿದರೂ 30 ಕಿಲೋ 30 ಕಿಲೋನೇ. ಎರಡು ಮೂರು ವರ್ಷದ ಮಗು ಉರುಳಿ ಬೀಳುತ್ತದೆ. ಆದ್ದರಿಂದ ಹಾರದಿರುವುದನ್ನು ಮರಿಯಲ್ಲೇ ಕಲಿಸಬೇಕು, ಚಿಕ್ಕ ಮಕ್ಕಳನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬಾರದು. ಇದು ಎಲ್ಲ ತಳಿಗೂ ಹೊಂದುವ ಮಾತು.

ಕಾವಲಿನ ವಿಷಯದಲ್ಲಿ ಬಾಕ್ಸರ್ ವೃಥಾ ಬೊಗಳುವ ನಾಯಿಯಲ್ಲ. ಅಪರಿಚಿತರನ್ನು ನಿಂತು ಗಮನಿಸುತ್ತದೆ, ಮನೆಯವರು ಒಪ್ಪಿದರೆ ತಾನೂ ಒಪ್ಪುತ್ತದೆ. ಕಲಿಕೆಯಲ್ಲಿ ಚುರುಕು, ಆದರೆ ಒಂದೇ ಪಾಠವನ್ನು ಹತ್ತು ಸಲ ಹೇಳಿದರೆ ಬೇಸರಪಟ್ಟು ತನ್ನದೇ ಆಟ ಶುರು ಮಾಡುತ್ತದೆ. ಇಂಥ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲೂ ಇದ್ದಾರೆ, ಅವರನ್ನು ಗದರಿಸಿ ಪ್ರಯೋಜನವಿಲ್ಲ ಎಂಬುದು ಶಿಕ್ಷಕರಿಗೆ ಗೊತ್ತು. ಗದರಿಸಿದರೆ ಬಾಕ್ಸರ್ ಮುಖ ತಿರುಗಿಸಿ ಕುಳಿತುಬಿಡುತ್ತದೆ. ಚಿಕ್ಕ ಪಾಠ, ತಿನ್ನಲು ಒಂದು ಚೂರು, ಒಂದು ಹೊಗಳಿಕೆ, ಇಷ್ಟು ಸಾಕು. ಇಡೀ ದಿನ ಒಂಟಿಯಾಗಿ ಬಿಡುವುದು ಮಾತ್ರ ಇದಕ್ಕೆ ಆಗಿಬರದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗುವ ಫ್ಲಾಟಿನಲ್ಲಿ ಇದು ಸೋಫಾವನ್ನು ಹರಿದು ಹಾಕಿದರೆ ತಪ್ಪು ನಾಯಿಯದಲ್ಲ. ಜೊಲ್ಲು ಸುರಿಸುತ್ತದೆ, ಗೊರಕೆ ಹೊಡೆಯುತ್ತದೆ ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ಈಗ ಆ ಮೂತಿಯ ವಿಚಾರ. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರಿ ತಂಪಾಗುತ್ತದೆ. ನಾಯಿಗೆ ಬೆವರು ಬರುವುದು ಮುಖ್ಯವಾಗಿ ಪಾದದ ಅಡಿಯಲ್ಲಿ, ಅದೂ ಅತ್ಯಲ್ಪ. ಅದು ತಂಪಾಗುವುದು ಏದುಸಿರಿನಿಂದ. ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಮೂಳೆಗಳ ಮೇಲೆ ಒದ್ದೆ ಪೊರೆ ಇರುತ್ತದೆ. ಗಾಳಿ ಅದರ ಮೇಲೂ ನಾಲಿಗೆಯ ಮೇಲೂ ಹಾದುಹೋಗುವಾಗ ತೇವ ಆವಿಯಾಗಿ ರಕ್ತ ತಂಪಾಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದೂ ಇದೇ ತತ್ತ್ವದಿಂದ. ಮುಧೋಳ ನಾಯಿಯ ಉದ್ದ ಮೂತಿಯಲ್ಲಿ ಈ ವ್ಯವಸ್ಥೆಗೆ ಧಾರಾಳ ಜಾಗವಿದೆ. ಬಾಕ್ಸರ್‌ನಲ್ಲಿ ಜಾಗ ಮೊಟಕಾಗಿದೆ. ಮೂಳೆ ಗಿಡ್ಡವಾದರೂ ಒಳಗಿನ ಮೆದು ಭಾಗಗಳು ಅದೇ ಪ್ರಮಾಣದಲ್ಲಿ ಗಿಡ್ಡವಾಗುವುದಿಲ್ಲ. ಅವು ಉಸಿರಿನ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತವೆ. ಪಗ್, ಬುಲ್‌ಡಾಗ್‌ಗಳಷ್ಟು ಕಷ್ಟ ಬಾಕ್ಸರ್‌ಗೆ ಇಲ್ಲ, ಆದರೆ ಸಾಮಾನ್ಯ ನಾಯಿಗಳಿಗಿಂತ ಖಂಡಿತ ಹೆಚ್ಚು.

ಈಗ ನಮ್ಮ ಜುಲೈ, ಆಗಸ್ಟ್ ತಿಂಗಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 45 ಡಿಗ್ರಿ ಬಿಸಿಲು, ಜೊತೆಗೆ ಕಡಲಿನಿಂದ ಬರುವ ತೇವ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ನಾಯಿಯ ನಾಲಿಗೆಯ ತೇವ ಆವಿಯಾಗುವುದೆಲ್ಲಿಗೆ? ಮಂಗಳೂರಿನ ಮೇ ತಿಂಗಳಲ್ಲಿ ಒಗೆದ ಬಟ್ಟೆ ಒಣಗದಿರುವ ಕಷ್ಟ ಕರಾವಳಿಯವರಿಗೆ ಗೊತ್ತು. ಇದೂ ಅದೇ. ನಾಯಿಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ. ಅದು 41 ದಾಟಿದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಹಾನಿ ಶುರುವಾಗುತ್ತದೆ. ಚೆಂಡಿನ ಆಟದಲ್ಲಿ ಮುಳುಗಿದ ಬಾಕ್ಸರ್ ಸುಸ್ತಾಯಿತೆಂದು ತಾನಾಗಿ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದವರು ನಾವು.

ಆದ್ದರಿಂದ ಬೇಸಿಗೆಯಲ್ಲಿ ನಡೆದಾಟ ಸೂರ್ಯೋದಯಕ್ಕೆ ಮೊದಲು ಅಥವಾ ರಾತ್ರಿ ತಡವಾಗಿ, ಅದೂ ಸ್ವಲ್ಪ ಹೊತ್ತು ಮಾತ್ರ. ರಸ್ತೆಯ ಮೇಲೆ ಅಂಗೈಯ ಹಿಂಭಾಗ ಇಟ್ಟು ಏಳರವರೆಗೆ ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬಾರದು. ಬಾಲ್ಕನಿಯಲ್ಲಿ ಕಟ್ಟಿಹಾಕಲೇಬಾರದು. ನಾಯಿ ಜೋರಾಗಿ ತೇಕುತ್ತಾ, ವಸಡು ಕಡುಗೆಂಪಾಗಿ, ಅಂಟಂಟಾದ ಜೊಲ್ಲು ಸುರಿಸಿ, ತೂರಾಡಿದರೆ ಅದು ಉಷ್ಣಾಘಾತ. ಕೂಡಲೇ ನೆರಳಿಗೆ ತಂದು ಮೈಮೇಲೆ ತಂಪು ನೀರು ಸುರಿದು ಫ್ಯಾನಿನ ಗಾಳಿ ಕೊಡಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಲೇಬೇಕು, ಒಳಗಿನ ಹಾನಿ ನಂತರ ಕಾಣಿಸಿಕೊಳ್ಳಬಹುದು.

ಕಾಯಿಲೆಗಳಲ್ಲಿ ಮೊದಲು ಹೇಳಬೇಕಾದದ್ದು ಹೃದಯದ್ದು. ಬಾಕ್ಸರ್‌ನಲ್ಲಿ ಹೃದಯದ ಬಲಭಾಗದ ಸ್ನಾಯು ಕ್ರಮೇಣ ಕರಗಿ ಆ ಜಾಗದಲ್ಲಿ ಕೊಬ್ಬು, ನಾರು ತುಂಬುವ ಒಂದು ವಂಶಪಾರಂಪರ್ಯ ರೋಗವಿದೆ. ಬಡಿತ ತಾಳ ತಪ್ಪುತ್ತದೆ. ನಾಯಿ ಆಡುತ್ತಾ ಆಡುತ್ತಾ ಮೂರ್ಛೆ ಹೋಗಬಹುದು. ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಸಾಯಬಹುದು. ಇದಕ್ಕೆ ಸಂಬಂಧಿಸಿದ ಒಂದು ಜೀನ್ ದೋಷವನ್ನು 2010ರಲ್ಲಿ ಗುರುತಿಸಿದರು. ಮನುಷ್ಯರಲ್ಲೂ ಇಂಥದೇ ರೋಗವಿರುವುದರಿಂದ ಬಾಕ್ಸರ್‌ಗಳ ಅಧ್ಯಯನ ಮನುಷ್ಯರಿಗೂ ಉಪಯೋಗವಾಗಿದೆ. ಐದು ನಿಮಿಷದ ಇ.ಸಿ.ಜಿ.ಯಲ್ಲಿ ಇದು ತಪ್ಪಿಸಿಕೊಳ್ಳಬಹುದು. 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಯಂತ್ರದಲ್ಲಿ ಸಿಕ್ಕಿಬೀಳುತ್ತದೆ. ಬೇಗ ತಿಳಿದರೆ ಮಾತ್ರೆಗಳಿಂದ ತಾಳವನ್ನು ಹತೋಟಿಗೆ ತರಬಹುದು. ಹೃದಯದಿಂದ ರಕ್ತ ಹೊರಡುವ ಮಹಾಧಮನಿಯ ಬಾಯಿ ಕಿರಿದಾಗಿರುವುದು ಇನ್ನೊಂದು ದೋಷ. ಅದು ಮರಿಯಲ್ಲೇ ಸ್ಟೆತಾಸ್ಕೋಪ್‌ಗೆ ಕೇಳಿಸುತ್ತದೆ.

ಗಂತಿಗಳೂ ಈ ತಳಿಯಲ್ಲಿ ಹೆಚ್ಚು. ಚರ್ಮದ ಮೇಲೆ ಏಳುವ ಸಣ್ಣ ಗಂಟನ್ನು ಸೊಳ್ಳೆ ಕಚ್ಚಿದ್ದೆಂದು ಬಿಡಬಾರದು. ಕ್ಯಾನ್ಸರ್ ಗಂಟುಗಳಲ್ಲಿ ಕೆಲವು ಹೊರನೋಟಕ್ಕೆ ತೀರಾ ಸಾಧಾರಣವಾಗಿರುತ್ತವೆ. ಸೂಜಿಯಿಂದ ಒಂದಿಷ್ಟು ಕೋಶ ತೆಗೆದು ನೋಡಿದರೇ ಗೊತ್ತಾಗುವುದು. ವಾರಕ್ಕೊಮ್ಮೆ ಮೈಯೆಲ್ಲ ಸವರಿ ನೋಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಇದಲ್ಲದೆ ವಸಡು ಬೆಳೆದು ಹಲ್ಲನ್ನು ಮುಚ್ಚುವುದು, ಕಣ್ಣಿನ ಹುಣ್ಣು, ಜಠರ ಉಬ್ಬಿ ತಿರುಚಿಕೊಳ್ಳುವುದು ಇವೂ ಉಂಟು. ಕೊನೆಯದು ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುವಂಥದ್ದು. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿ ಏನೂ ಬಾರದಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಬಿಳಿ ಬಾಕ್ಸರ್ ಅಪರೂಪದ್ದೆಂದು ಹೆಚ್ಚು ಬೆಲೆ ಹೇಳುವವರಿದ್ದಾರೆ. ಅದು ಅಪರೂಪವಲ್ಲ. ಎದೆ, ಪಾದಗಳಲ್ಲಿ ಚೆನ್ನಾಗಿ ಬಿಳಿಯಿರುವ ಎರಡು ಬಾಕ್ಸರ್‌ಗಳನ್ನು ಕೂಡಿಸಿದರೆ, ಮೆಂಡಲನ ನಿಯಮದಂತೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿಯಾಗಿ ಹುಟ್ಟುತ್ತದೆ. ಹತ್ತನೇ ತರಗತಿಯ ಮಕ್ಕಳು ಚೌಕ ಬರೆದು ನೋಡಬಹುದು. ತಳಿಯ ತಾಯಿ ಎನಿಸಿದ ಆ ಮೇಟಾಳ ಮೈಯೂ ಬಹುಪಾಲು ಬಿಳಿಯೇ ಆಗಿತ್ತು. ಬಣ್ಣ ಕೊಡುವ ಕೋಶಗಳು ಒಳಗಿವಿಗೂ ಬೇಕು. ಅವು ಅಲ್ಲಿಗೆ ತಲುಪದಿದ್ದರೆ ಕಿವುಡು. ಬಿಳಿ ಬಾಕ್ಸರ್‌ಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಒಂದು ಕಿವಿಯೋ ಎರಡೂ ಕಿವಿಯೋ ಕೇಳಿಸುವುದಿಲ್ಲ. ಹಿಂದೆ ಅನೇಕ ಕಡೆ ಬಿಳಿ ಮರಿಗಳನ್ನು ಹುಟ್ಟಿದ ಕೂಡಲೇ ಕೊಲ್ಲುತ್ತಿದ್ದರು. ಕೇಳಿಸದ ನಾಯಿಯೂ ಕೈಸನ್ನೆಗೆ ಚೆನ್ನಾಗಿ ಕಲಿಯುತ್ತದೆ ಎಂಬುದನ್ನು ಈಗ ಎಷ್ಟೋ ಮನೆಗಳು ತೋರಿಸಿಕೊಟ್ಟಿವೆ.

ಹಳೆಯ ಚಿತ್ರಗಳಲ್ಲಿ ಬಾಕ್ಸರ್‌ಗೆ ಚೂಪಾಗಿ ನಿಂತ ಕಿವಿ, ಮೋಟು ಬಾಲ ಇರುತ್ತದೆ. ಅದು ಹುಟ್ಟಿನಿಂದ ಬಂದದ್ದಲ್ಲ, ಮರಿಯಲ್ಲೇ ಕತ್ತರಿಸಿದ್ದು. ನಾಯಿ ಬಾಲ ಡೊಂಕು ಎಂದು ಗಾದೆ ಹೇಳುವ ನಾವು ಅದನ್ನು ನೆಟ್ಟಗೆ ಮಾಡಲು ಹೋದೆವು, ಇವರು ಕತ್ತರಿಸಿಯೇ ಬಿಟ್ಟರು! ಜರ್ಮನಿಯಲ್ಲಿ ಕಿವಿ ಕತ್ತರಿಸುವುದು 1987ರಿಂದ, ಬಾಲ ಕತ್ತರಿಸುವುದು 1998ರಿಂದ ಕಾನೂನುಬಾಹಿರ. ಬ್ರಿಟನ್ನಿನ ತಳಿವಿಜ್ಞಾನಿ ಬ್ರೂಸ್ ಕ್ಯಾಟನಾಕ್ ಇದಕ್ಕೆ ಬೇರೆ ದಾರಿ ಹುಡುಕಿದರು. 1990ರ ದಶಕದಲ್ಲಿ ಅವರು ಹುಟ್ಟಿನಿಂದಲೇ ಮೋಟು ಬಾಲವಿರುವ ಗಿಡ್ಡ ಕಾಲಿನ ಕಾರ್ಗಿ ನಾಯಿಯನ್ನು ಬಾಕ್ಸರ್‌ನೊಂದಿಗೆ ಕೂಡಿಸಿ, ಮರಿಗಳನ್ನು ಮತ್ತೆ ಮತ್ತೆ ಬಾಕ್ಸರ್‌ಗಳೊಂದಿಗೇ ಕೂಡಿಸುತ್ತಾ ಹೋದರು. ಕೆಲವೇ ತಲೆಮಾರುಗಳಲ್ಲಿ ಗಿಡ್ಡ ಕಾಲು ಮಾಯವಾಗಿ, ನೋಡಲು ಅಪ್ಪಟ ಬಾಕ್ಸರ್ ಆದ, ಆದರೆ ಸಹಜವಾಗಿಯೇ ಮೋಟು ಬಾಲದ ಮರಿಗಳು ಹುಟ್ಟಿದವು. ನಮಗೆ ಬಾಲವಿರುವ ಬಾಕ್ಸರ್ ಹೆಚ್ಚು ಇಷ್ಟ. ಆದರೆ ಈ ಪ್ರಯೋಗದ ಜಾಣ್ಮೆಯನ್ನು ಮೆಚ್ಚದಿರಲಾಗದು.

ಮರಿ ತರುವುದೆಂದು ತೀರ್ಮಾನಿಸಿದ ಮನೆಯವರು ಅದರ ತಾಯಿಯನ್ನು ನೋಡಬೇಕು. ತಂದೆ ತಾಯಿಗಳ ಹೃದಯ ಪರೀಕ್ಷೆಯ ಕಾಗದ ಕೇಳಬೇಕು. ಮೂಗಿನ ಹೊಳ್ಳೆ ಅಗಲವಾಗಿದೆಯೇ, ಆಡುವಾಗ ಉಸಿರು ಗೊರಗೊರ ಎನ್ನುತ್ತದೆಯೇ ಗಮನಿಸಬೇಕು. ಶಸ್ತ್ರಚಿಕಿತ್ಸೆ ಬೇಕಾದಾಗ ಅಸೆಪ್ರೊಮಜಿನ್ ಎಂಬ ಮಂಪರು ಔಷಧಿಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು. ಕೆಲವು ಬಾಕ್ಸರ್‌ಗಳಿಗೆ ಅದರಿಂದ ರಕ್ತದೊತ್ತಡ ಕುಸಿಯುತ್ತದೆ. ಬಾಕ್ಸರ್‌ನ ಆಯಸ್ಸು ಸಾಮಾನ್ಯವಾಗಿ 10ರಿಂದ 12 ವರ್ಷ. ಈಗ ಐದನೇ ತರಗತಿಯಲ್ಲಿರುವ ಮಗು ಪದವಿ ಮುಗಿಸುವ ಹೊತ್ತಿಗೆ ನಾಯಿ ಮುದಿಯಾಗಿರುತ್ತದೆ. ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ಮನೆಗಳು ಇಲ್ಲೇ ಇರುತ್ತವೆ?

ಕೆಲಸದ ಒಪ್ಪಂದ ಮುಗಿದು ಊರಿಗೆ ಹೊರಡುವಾಗ ಎಲ್ಲರಿಗಿಂತ ಹೆಚ್ಚು ತೊಂದರೆಗೆ ಸಿಕ್ಕುವುದು ಗಿಡ್ಡ ಮೂತಿಯ ನಾಯಿ. ವಿಮಾನದ ಸರಕು ಭಾಗದಲ್ಲಿ ಇಂಥ ನಾಯಿಗಳು ಉಸಿರುಗಟ್ಟಿ ಸತ್ತ ಉದಾಹರಣೆಗಳಿರುವುದರಿಂದ ಅನೇಕ ವಿಮಾನ ಸಂಸ್ಥೆಗಳು ಬಾಕ್ಸರ್‌ನಂಥ ತಳಿಗಳನ್ನು ಒಯ್ಯುವುದೇ ಇಲ್ಲ, ಕೆಲವು ಬೇಸಿಗೆಯಲ್ಲಿ ಒಯ್ಯುವುದಿಲ್ಲ. ಒಯ್ಯುವವರೂ ದೊಡ್ಡ ಪೆಟ್ಟಿಗೆ ಕೇಳುತ್ತಾರೆ. ಪಯಣಕ್ಕೆಂದು ಮಂಪರು ಔಷಧಿ ಕೊಡುವುದು ಅಪಾಯ. ಭಾರತಕ್ಕೆ ಒಯ್ಯಲು ಲಸಿಕೆಯ ದಾಖಲೆ, ಮೈಕ್ರೋಚಿಪ್, ಇಲ್ಲಿನ ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ, ಭಾರತದ ಪ್ರಾಣಿ ಸಂಗರೋಧ ಇಲಾಖೆಯ ಅನುಮತಿ ಬೇಕು. ಇವು ಕೈಗೆ ಬರಲು ಸಮಯ ಹಿಡಿಯುತ್ತದೆ, ಟಿಕೆಟ್ ತೆಗೆದ ಮೇಲೆ ಶುರು ಮಾಡಿದರೆ ಆಗುವುದಿಲ್ಲ. ಸಾಧ್ಯವಾದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗಿನ ತಂಪು ದಿನಗಳಲ್ಲಿ, ರಾತ್ರಿ ಹೊರಡುವ ನೇರ ವಿಮಾನವನ್ನೇ ಆರಿಸಿಕೊಳ್ಳಿ. ಪೆಟ್ಟಿಗೆಯನ್ನು ಎರಡು ತಿಂಗಳು ಮೊದಲೇ ಮನೆಗೆ ತಂದು, ಬಾಗಿಲು ತೆರೆದಿಟ್ಟು, ನಾಯಿ ತಾನಾಗಿಯೇ ಅದರೊಳಗೆ ಹೋಗಿ ಮಲಗುವಂತೆ ರೂಢಿ ಮಾಡಿಸಿ.